ಅಧಿಕ ಮಾಸದಲ್ಲಿ ಕಲಿತ ಕ್ಯಾಮೆರಾ

2004ರಲ್ಲಿ ಆಷಾಢ ಮುಗಿದ ಮೇಲೆ ಅಧಿಕ ಶ್ರಾವಣ ಬಂತು. ಮದುವೆ ಫೋಟೋ ತೆಗೆದು ಹೊಟ್ಟೆ ಹೊರೆಯುವವರಿಗೆ ಆಷಾಢದಲ್ಲಿ ಕೈ ಕಟ್ಟಿ ಕೂರುವುದು ರೂಢಿ. ಅದರ ಬೆನ್ನಿಗೇ ಅಧಿಕ ಮಾಸವೂ ಬಂದರೆ ಎರಡು ತಿಂಗಳು ಗಟ್ಟಿಮೇಳದ ಸದ್ದೇ ಇರುವುದಿಲ್ಲ. ತುಮಕೂರಿನ ನನ್ನ ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಸೈಜ್ ಫೋಟೋ, ಸ್ಕೂಲಿನ ಗ್ರೂಪ್ ಫೋಟೋ ಬಿಟ್ಟರೆ ಬೇರೆ ಕೆಲಸ ಇರಲಿಲ್ಲ. ಆ ಎರಡು ತಿಂಗಳು ಪುರುಸೊತ್ತು ಸಿಕ್ಕಿದ್ದರಿಂದಲೇ ನಾನು ಡಿಜಿಟಲ್ ಕಲಿತೆ. ಇಲ್ಲದಿದ್ದರೆ ಇನ್ನೂ ಎರಡು ವರ್ಷ ಇವತ್ತು ನಾಳೆ ಅಂತ ತಳ್ಳುತ್ತಿದ್ದೆ.

ಆಗ ನಾನು ಈ ಕಸುಬಿಗೆ ಬಂದು 22 ವರ್ಷ. 1982ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಚಿಕ್ಕಪ್ಪನ ಸ್ಟುಡಿಯೋ ಸೇರಿದವನು. ಮೊದಲ ಮೂರು ವರ್ಷ ಚಿಕ್ಕಪ್ಪ ಕ್ಯಾಮೆರಾ ಮುಟ್ಟಲು ಬಿಡಲಿಲ್ಲ, ಡಾರ್ಕ್‌ರೂಮಿನಲ್ಲೇ ಕೆಲಸ. ಬ್ಲಾಕ್ ಅಂಡ್ ವೈಟ್ ರೀಲು ತೊಳೆಯುವ ಡಿ-76 ಡೆವಲಪರು 20 ಡಿಗ್ರಿಯಲ್ಲಿರಬೇಕು. ಏಪ್ರಿಲ್ ಬಿಸಿಲಿಗೆ ನಮ್ಮ ತೊಟ್ಟಿಯ ನೀರೇ ಬೆಚ್ಚಗಾಗಿರುತ್ತಿತ್ತು. ಚಿಕ್ಕಪ್ಪ ರಾತ್ರಿಯೇ ಮಡಕೆಗೆ ನೀರು ತುಂಬಿಸಿ ಕಿಟಕಿ ಪಕ್ಕ ಇಡಿಸುತ್ತಿದ್ದರು. ಬೆಳಿಗ್ಗೆ ಡೆವಲಪರಿಗೆ ಅದೇ ನೀರು ಬೆರೆಸಿ, ಟ್ರೇ ಕೆಳಗೆ ಐಸ್ ತುಂಡು ಹಾಕಿ, ಥರ್ಮಾಮೀಟರ್ ಇಳಿಯುವವರೆಗೆ ಕಾಯುವುದು. ಕೆಂಪು ಬಲ್ಬಿನ ಬೆಳಕಿನಲ್ಲಿ ಊಟಿಯ ‘ಇಂದು’ ಬ್ರೋಮೈಡ್ ಪೇಪರನ್ನು ಡೆವಲಪರಿಗೆ ಇಳಿಬಿಟ್ಟರೆ ಮೊದಲು ಹುಬ್ಬು, ಆಮೇಲೆ ಕಣ್ಣು, ಕೊನೆಗೆ ಕೆನ್ನೆ ಮೂಡುತ್ತಿತ್ತು. ಮೂಡಿದ ಚಿತ್ರ ಮಾಸದಂತೆ ನಿಲ್ಲಿಸುವ ಹೈಪೋ ದ್ರಾವಣದ ವಾಸನೆ ಬೆರಳಿಗೆ ಹಿಡಿದರೆ ಊಟ ಮಾಡುವಾಗಲೂ ಹೋಗುತ್ತಿರಲಿಲ್ಲ.

ಚಿಕ್ಕಪ್ಪ ಆ ಕಾಲದಲ್ಲಿ ಹೇಳಿಕೊಟ್ಟ ಎರಡು ಮಾತು ನನ್ನ ಕಸುಬಿನ ಬುನಾದಿಯಾದವು. ಒಂದು, ‘ರೀಲಿಗೆ ಬೆಳಕು ಕಮ್ಮಿ ಮಾಡಬೇಡ, ಒಂದು ಸ್ಟಾಪ್ ಜಾಸ್ತಿಯೇ ಕೊಡು.’ ಒಂದು ಸ್ಟಾಪ್ ಜಾಸ್ತಿ ಅಂದರೆ ಬೆಳಕು ಎರಡು ಪಟ್ಟು. ಇನ್ನೊಂದು, ‘ನೆಗೆಟಿವ್ ಯಾವತ್ತೂ ಬಿಸಾಡಬೇಡ, ನಂಬರ್ ಹಾಕಿಡು.’ ಡಿಜಿಟಲ್ಲಿಗೆ ಬಂದ ಮೇಲೆ ಮೊದಲನೆಯದನ್ನು ನಾನು ಪೂರ್ತಿ ಮರೆಯಬೇಕಾಯಿತು. ಎರಡನೆಯದನ್ನು ಮರೆತು ಪಡಬಾರದ ಪಾಡು ಪಟ್ಟೆ.

ಮನಸ್ಸು ಬದಲಾಗಲು ಕಾರಣ ಗಿರಾಕಿಗಳು. ಬೆಂಗಳೂರು ನಮಗೆ 70 ಕಿಲೋಮೀಟರ್. ಅಲ್ಲಿನ ಮದುವೆಗಳಿಗೆ ಹೋಗಿ ಬಂದವರು ಒಂದೇ ಹಾಳೆಯಲ್ಲಿ ನಾಲ್ಕಾರು ಫೋಟೋ ಸೇರಿಸಿದ ಆಲ್ಬಂ ನೋಡಿ ಬಂದು ‘ನಮಗೂ ಹಂಗೇ ಮಾಡ್ಕೊಡಣ್ಣ’ ಎನ್ನತೊಡಗಿದ್ದರು. ನನ್ನಕ್ಕನ ಮಗ ಆಗಷ್ಟೇ ಕಂಪ್ಯೂಟರ್ ಕೋರ್ಸ್ ಮುಗಿಸಿ ಮನೆಯಲ್ಲಿದ್ದ. ‘ಮಾವ, ಕಂಪ್ಯೂಟರ್ ಕೆಲ್ಸ ನಂಗ್ ಬಿಡು, ನೀನು ಕ್ಯಾಮೆರಾ ತಗಂಡು ಬಾ’ ಅಂದ. ಸೈಟು ಕೊಳ್ಳಲೆಂದು ಕಟ್ಟುತ್ತಿದ್ದ ಚೀಟಿಯನ್ನು ಎತ್ತಿ, ಬೆಂಗಳೂರಿಗೆ ಹೋಗಿ, ಆ ವರ್ಷವೇ ಮಾರುಕಟ್ಟೆಗೆ ಬಂದಿದ್ದ ನಿಕಾನ್ ಡಿ70 ತಂದೆ. 6 ಮೆಗಾಪಿಕ್ಸೆಲ್. ಜೊತೆಗೆ 18-70 ಲೆನ್ಸು, 512 ಎಂಬಿಯ ಎರಡು ಕಾರ್ಡು. ಒಂದು ಕಾರ್ಡಿಗೆ ಒಳ್ಳೆ ಗುಣಮಟ್ಟದ ಜೆಪೆಗ್ ನೂರೈವತ್ತರ ಹತ್ತಿರ ಹಿಡಿಯುತ್ತಿತ್ತು. 36ರ ರೀಲಿನಲ್ಲಿ 38 ಹೊಡೆಯಲು ಹೆಣಗುತ್ತಿದ್ದ ನನಗೆ ಅದು ಸಮುದ್ರದ ಹಾಗೆ ಕಂಡಿತು.

ನನ್ನ ಬಳಿ ಇದ್ದದ್ದು ನಿಕಾನ್ ಎಫ್‌ಎಂ2, 1991ರಲ್ಲಿ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡದ್ದು. ಬ್ಯಾಟರಿ ಸತ್ತರೆ ಬೆಳಕು ಅಳೆಯುವ ಮೀಟರ್ ಮಾತ್ರ ನಿಲ್ಲುತ್ತದೆ, ಶಟರ್ ಹೊಡೆಯುತ್ತಲೇ ಇರುತ್ತದೆ, ಅಂಥ ಗಟ್ಟಿ ಯಂತ್ರ. ಅದರ 28, 50, 135 ಲೆನ್ಸುಗಳು ಹೊಸ ಕ್ಯಾಮೆರಾಕ್ಕೂ ಕೂರುತ್ತವೆ ಎಂಬ ಧೈರ್ಯದಲ್ಲೇ ನಿಕಾನ್ ಆರಿಸಿದ್ದೆ. ಕೂತವು ನಿಜ. ಆದರೆ ಒಳಗೆ ಚಿಪ್ ಇಲ್ಲದ ಹಳೆ ಲೆನ್ಸು ಹಾಕಿದರೆ ಡಿ70ರಲ್ಲಿ ಮೀಟರ್ ಕೆಲಸ ಮಾಡುವುದಿಲ್ಲ, ಎಲ್ಲವನ್ನೂ ನಾವೇ ಹೊಂದಿಸುವ ‘ಎಂ’ ಮೋಡಿನಲ್ಲಿಟ್ಟರೆ ಮಾತ್ರ ಶಟರ್ ಬಿಡುತ್ತದೆ. ಅದಕ್ಕೆ ನಾನು ಹೆದರಲಿಲ್ಲ. ಚೊಕ್ಕ ಬಿಸಿಲಿಗೆ ಲೆನ್ಸಿನ ಕಿಂಡಿ ಎಫ್ 16, ಬೆಳಕಿಗೆ ಸೂಕ್ಷ್ಮತೆ ಐಎಸ್ಓ 200 ಆದರೆ ಶಟರ್ 250ರಲ್ಲಿ ಒಂದು ಸೆಕೆಂಡು, ನೆರಳಿಗೆ ಬಂದರೆ ಮೂರು ಸ್ಟಾಪ್ ಬಿಚ್ಚು, ಇದು ಬಾಯಿಪಾಠ. ಕಷ್ಟವಾದದ್ದು ಬೇರೆ. ಡಿ70ರಲ್ಲಿ ಫಿಲ್ಮಿನ ಜಾಗದಲ್ಲಿ ಬೆಳಕು ಹಿಡಿಯುವ ಸೆನ್ಸರು 35 ಎಂಎಂ ಫಿಲ್ಮಿಗಿಂತ ಚಿಕ್ಕದು, ಹಾಗಾಗಿ ಎಲ್ಲ ಲೆನ್ಸೂ ಒಂದೂವರೆ ಪಟ್ಟು ಉದ್ದವಾದಂತೆ. 50 ಎಂಎಂ 75 ಆಯಿತು, 28 ಹೋಗಿ 42 ಆಯಿತು. ಇಪ್ಪತ್ತು ಜನರ ಗ್ರೂಪ್ ಫೋಟೋಕ್ಕೆ ಎಲ್ಲಿ ನಿಲ್ಲಬೇಕೆಂದು ನನ್ನ ಕಾಲಿಗೆ ಗೊತ್ತಿತ್ತು, ಕಣ್ಣು ಮುಚ್ಚಿ ಹೋಗಿ ನಿಲ್ಲುತ್ತಿದ್ದೆ. ಈಗ ಅಲ್ಲಿ ನಿಂತರೆ ಎರಡೂ ತುದಿಯ ಜನ ಕತ್ತರಿಸಿ ಹೋಗುತ್ತಿದ್ದರು. ಕಾಲು ಹೊಸದಾಗಿ ಕಲಿಯಲು ಒಂದು ವರ್ಷ ಹಿಡಿಯಿತು.

ಎರಡು ತಿಂಗಳು ದಿನಾ ಬೆಳಿಗ್ಗೆ ಕ್ಯಾಮೆರಾ ಹಿಡಿದು ಹೊರಡುತ್ತಿದ್ದೆ. ಅಮಾನಿಕೆರೆ ಏರಿ, ಕ್ಯಾತಸಂದ್ರದ ತಟ್ಟೆ ಇಡ್ಲಿ ಅಂಗಡಿಯ ಹಬೆ, ದೇವರಾಯನದುರ್ಗದ ಮೋಡ. ಮಳೆಗಾಲದ ಮೋಡ ಬೆಟ್ಟದ ಮೇಲೆ ಕೂತಾಗ ತೆಗೆದ ಫೋಟೋಗಳಲ್ಲಿ ಮೋಡವೇ ಇರುತ್ತಿರಲಿಲ್ಲ, ಬರೀ ಬಿಳಿ ಕಾಗದ. ಕ್ಯಾಮೆರಾದ್ದೇ ದೋಷ ಇರಬೇಕು ಅಂದುಕೊಂಡೆ. ಚಿಕ್ಕಪ್ಪನ ಮೊದಲನೇ ಮಾತು ಅಷ್ಟು ಆಳಕ್ಕೆ ಇಳಿದಿತ್ತು.

ನಿಜ ಶ್ರಾವಣ ಬಂತು. ಮೊದಲ ಡಿಜಿಟಲ್ ಮದುವೆ ಗುಬ್ಬಿ ಕಡೆಯವರದ್ದು. ಕತ್ತಿಗೆ ಡಿ70, ಹೆಗಲಿಗೆ ಎಫ್‌ಎಂ2 ಹಾಕಿಕೊಂಡು ಹೋಗಿದ್ದೆ. ರೀಲು ಹಾಕಿದ ಕ್ಯಾಮೆರಾ ಇಲ್ಲದೆ ಮುಹೂರ್ತಕ್ಕೆ ನಿಲ್ಲುವ ಎದೆಗಾರಿಕೆ ನನಗಿನ್ನೂ ಬಂದಿರಲಿಲ್ಲ. ಧಾರೆ ಹೊತ್ತು. ಹುಡುಗಿ ಕೆಂಪು ಅಂಚಿನ ಬಿಳಿ ಧಾರೆ ಸೀರೆ, ಹುಡುಗ ಬಿಳಿ ಪಂಚೆ, ಬಿಳಿ ಶಲ್ಯ. ವಿಡಿಯೋದವರ ಹ್ಯಾಲೋಜನ್ ಲೈಟು ನೇರ ಅವರ ಮೇಲೆ. ಹುಡುಗಿಯ ತಾಯಿ ತೆಂಗಿನಕಾಯಿ ಹಿಡಿದ ಕೈಗಳ ಮೇಲೆ ಹಾಲು ಹುಯ್ಯುತ್ತಿದ್ದಾರೆ. ನಾನು ಅಭ್ಯಾಸಬಲದಂತೆ ಒಂದು ಸ್ಟಾಪ್ ಜಾಸ್ತಿ ಕೊಟ್ಟು ಹನ್ನೆರಡು ಫೋಟೋ ಹೊಡೆದೆ. ಆಮೇಲೆ ಯಾಕೋ ಮನಸ್ಸು ತಡೆಯದೆ ಎಫ್‌ಎಂ2 ಎತ್ತಿ ನಾಲ್ಕು.

ಸಂಜೆ ಸ್ಟುಡಿಯೋದಲ್ಲಿ ಕಾರ್ಡು ಹಾಕಿ ನೋಡಿದರೆ ಹನ್ನೆರಡರಲ್ಲೂ ಹಾಲಿಲ್ಲ. ಚೊಂಬು ಬಾಗಿದೆ, ಕೈ ಚಾಚಿದೆ, ಕೈಯಿಂದ ಕೆಳಗೆ ಬಿಳಿ ಸೀರೆ, ಬಿಳಿ ಪಂಚೆ, ಎಲ್ಲ ಸೇರಿ ಒಂದೇ ಬಿಳುಪು. ಹಾಲು ಎಲ್ಲಿ ಮುಗಿಯಿತು, ಸೀರೆ ಎಲ್ಲಿ ಶುರುವಾಯಿತು ಹೇಳುವಂತಿಲ್ಲ. ಸೀರೆಯ ನಿರಿಗೆ ಇಲ್ಲ, ಜರಿ ಇಲ್ಲ. ಅಕ್ಕನ ಮಗ ಫೋಟೋಶಾಪಿನಲ್ಲಿ ಎಷ್ಟು ಕತ್ತಲೆ ಮಾಡಿದರೂ ಆ ಜಾಗ ಬೂದಿಯಾಯಿತೇ ಹೊರತು ಹಾಲು ಬರಲಿಲ್ಲ. ‘ಮಾವ, ಇದು ಸುಟ್ಟೋಗೈತೆ. ಇರೋದನ್ನ ತೆಗೀಬೋದು, ಇಲ್ದಿರೋದನ್ನ ಎಲ್ಲಿಂದ ತರ್ಲಿ’ ಅಂದ.

ಮರುದಿನ ಲ್ಯಾಬಿನಿಂದ ರೀಲು ತೊಳೆದು ಬಂತು. ನಾಲ್ಕು ಫೋಟೋದಲ್ಲೂ ಹಾಲಿನ ಎಳೆ ನೂಲು ಹಿಡಿದು ಇಳಿಬಿಟ್ಟ ಹಾಗೆ ನಿಂತಿತ್ತು. ಕೊನೆಯ ಹನಿ ಬೆರಳಿನ ತುದಿಯಲ್ಲಿ ಉದುರುವುದು ಕೂಡ. ಆಲ್ಬಮ್ಮಿನ ಧಾರೆಯ ಹಾಳೆಗೆ ಹೋದದ್ದು ಆ ನಾಲ್ಕೇ.

ಅವತ್ತಿನಿಂದ ಒಂದು ವಾರ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಯಾಕೆ ಹೀಗೆ ಎಂಬುದು ತಿಳಿಯಲೇಬೇಕಿತ್ತು. ತಿಳಿದ ಮೇಲೆ ನಾನು ಹೊಸಬರಿಗೆ ಹೇಳಿಕೊಡುವುದು ಹೀಗೆ: ಕಲರ್ ನೆಗೆಟಿವ್‌ಗೆ ಬೆಳಕು ಜಾಸ್ತಿ ಬಿದ್ದರೆ ಅದು ಇನ್ನಷ್ಟು ಕಪ್ಪಾಗುತ್ತಾ ಹೋಗುತ್ತದೆ, ನಿಧಾನವಾಗಿ. ಎರಡು ಸ್ಟಾಪ್ ಹೆಚ್ಚಾದರೂ ಲ್ಯಾಬಿನಲ್ಲಿ ಪ್ರಿಂಟ್ ಹಾಕುವಾಗ ಬಿಳುಪಿನೊಳಗಿನ ವಿವರ ಹೊರಗೆ ಬರುತ್ತದೆ. ಕಮ್ಮಿಯಾದರೆ ಮಾತ್ರ ನೆರಳಿನ ಜಾಗ ಖಾಲಿ. ಅದಕ್ಕೇ ಚಿಕ್ಕಪ್ಪ ಜಾಸ್ತಿ ಕೊಡು ಅನ್ನುತ್ತಿದ್ದದ್ದು. ಡಿಜಿಟಲ್ ಸೆನ್ಸರಿನ ಒಂದೊಂದು ಚುಕ್ಕಿಯೂ ನಲ್ಲಿ ಕೆಳಗೆ ಇಟ್ಟ ಬಿಂದಿಗೆ. ತುಂಬುವವರೆಗೆ ಲೆಕ್ಕ ಸಿಗುತ್ತದೆ. ತುಂಬಿ ಚೆಲ್ಲತೊಡಗಿದ ಮೇಲೆ ಒಂದು ನಿಮಿಷ ಬಿಟ್ಟಿರೋ ಒಂದು ಗಂಟೆ ಬಿಟ್ಟಿರೋ, ಬಿಂದಿಗೆ ನೋಡಿ ಹೇಳಲಾಗದು. ಹಾಲಿನ ಬಿಂದಿಗೆಯೂ ತುಂಬಿತ್ತು, ಸೀರೆಯ ಬಿಂದಿಗೆಯೂ ತುಂಬಿತ್ತು, ಎರಡಕ್ಕೂ ಒಂದೇ ಬಿಳಿ. ನೆಗೆಟಿವ್‌ನಲ್ಲಿ ನೆರಳನ್ನು ಕಾಯಬೇಕು, ಡಿಜಿಟಲ್‌ನಲ್ಲಿ ಬಿಳುಪನ್ನು ಕಾಯಬೇಕು. ನೆಗೆಟಿವ್ ಇಲ್ಲದೆ ನೇರ ಚಿತ್ರವೇ ಮೂಡುವ ಸ್ಲೈಡ್ ಫಿಲ್ಮ್ ಬಳಸಿದವರಿಗೆ ಇದು ಮೊದಲೇ ಗೊತ್ತು. ಮದುವೆ ಮನೆಯಲ್ಲಿ ಸ್ಲೈಡ್ ಯಾರು ಹಾಕುತ್ತಾರೆ, ನನಗೆ ಆ ರೂಢಿ ಇರಲಿಲ್ಲ.

ಕ್ಯಾಮೆರಾದ ಹಿಂದೆ ಹಿಸ್ಟೋಗ್ರಾಮ್ ಅಂತ ಒಂದು ಗ್ರಾಫ್ ಬರುತ್ತದೆ. ಎಡಕ್ಕೆ ಕಪ್ಪು, ಬಲಕ್ಕೆ ಬಿಳುಪು. ಅದನ್ನು ಓದಲು ಕಲಿತ ಮೇಲೆ ದಾರಿ ಸಿಕ್ಕಿತು. ನಮ್ಮ ಮಧುಗಿರಿ ಬೆಟ್ಟವನ್ನು ರಸ್ತೆಯಿಂದ ನೋಡಿದ ಹಾಗೆ, ಒಂದೇ ಕಲ್ಲು ಎದ್ದು ಎರಡೂ ಕಡೆ ಇಳಿದಿರಬೇಕು. ಬೆಟ್ಟ ಬಲಗಡೆಯ ಗೋಡೆಗೆ ಒರಗಿ ಕಡಿದುಹೋಗಿದ್ದರೆ ಅಲ್ಲಿ ಬಿಳುಪು ಸತ್ತಿದೆ ಎಂದರ್ಥ. ಧಾರೆಗೆ ಈಗಲೂ ಅರ್ಧದಿಂದ ಮುಕ್ಕಾಲು ಸ್ಟಾಪ್ ಕಡಿಮೆಯೇ ಕೊಡುತ್ತೇನೆ. ಆ ಹತ್ತು ನಿಮಿಷ ಮಾತ್ರ ಜೆಪೆಗ್ ಬಿಟ್ಟು, ಸೆನ್ಸರ್ ಹಿಡಿದದ್ದನ್ನು ಹಾಗೆಯೇ ಉಳಿಸುವ ರಾ ಫೈಲ್‌ನಲ್ಲಿ ತೆಗೆಯುವುದನ್ನೂ ಆಗಲೇ ರೂಢಿಸಿಕೊಂಡೆ. ರಾ ಫೈಲಿನಲ್ಲಿ ಬಿಳುಪು ಸ್ವಲ್ಪ ಮೀರಿದರೂ ಹಿಂದಕ್ಕೆ ಎಳೆಯಲು ಒಂದಿಷ್ಟು ಜಾಗ ಉಳಿದಿರುತ್ತದೆ.

ಬಣ್ಣದ ವಿಷಯದಲ್ಲಿ ನನಗೆ ಆದದ್ದು ಇನ್ನೂ ದೊಡ್ಡ ಪಾಠ. ಡಿಜಿಟಲ್‌ನಲ್ಲಿ ನನ್ನ ಮದುಮಕ್ಕಳ ಮುಖ ಒಂದು ಫೋಟೋದಲ್ಲಿ ಹಳದಿ, ಇನ್ನೊಂದರಲ್ಲಿ ಹಸಿರು. ಛತ್ರದಲ್ಲಿ ಟ್ಯೂಬ್‌ಲೈಟು, ವಿಡಿಯೋ ಹ್ಯಾಲೋಜನ್ನು, ಬಾಗಿಲಿಂದ ಬರುವ ಹಗಲು ಬೆಳಕು, ನನ್ನ ಫ್ಲ್ಯಾಶು, ನಾಲ್ಕು ಬಣ್ಣದ ಬೆಳಕು ಒಟ್ಟಿಗೆ. ಇದೇ ಛತ್ರಗಳಲ್ಲಿ ಇಪ್ಪತ್ತು ವರ್ಷ ರೀಲು ಹೊಡೆದಿದ್ದೇನೆ, ಯಾವತ್ತೂ ಈ ತೊಂದರೆ ಬಂದಿರಲಿಲ್ಲವಲ್ಲ ಎಂದು ನಮ್ಮ ಕಲರ್ ಲ್ಯಾಬಿನ ಆಪರೇಟರ್ ಹತ್ತಿರ ಹೇಳಿಕೊಂಡೆ. ಆತ ಮಾತಾಡಲಿಲ್ಲ, ಮೆಷಿನ್ ಮುಂದೆ ಕೂರಿಸಿಕೊಂಡ. ನನ್ನದೇ ಒಂದು ಹಳೆ ರೀಲು ಹಾಕಿದ. ಒಂದೊಂದು ಚಿತ್ರ ಬಂದ ಹಾಗೆ ಅವನ ಬೆರಳು ಕೀಬೋರ್ಡಿನ ಮೇಲೆ ಓಡುತ್ತಿತ್ತು. ಹಳದಿ ಎರಡು ಕಡಿಮೆ, ಮೆಜೆಂಟಾ ಒಂದು ಹೆಚ್ಚು, ಡೆನ್ಸಿಟಿ ಒಂದು ಇಳಿಸು, ಮುಂದೆ. ಒಂದು ಚಿತ್ರಕ್ಕೆ ಎರಡು ಮೂರು ಸೆಕೆಂಡು. ತಿದ್ದದೆ ಬಿಟ್ಟರೆ ಹೇಗಿರುತ್ತದೆ ತೋರಿಸು ಅಂದೆ. ತೋರಿಸಿದ. ಅದೇ ಹಳದಿ, ಅದೇ ಹಸಿರು. ‘ನಿಮ್ ರೀಲು ಯಾವಾಗ್ಲೂ ಹಿಂಗೇ ಬತ್ತಿತ್ತು ಅಣ್ಣ, ನಾನ್ ಸರಿ ಮಾಡ್ತಿದ್ದೆ’ ಅಂದ.

ಹದಿನೈದು ವರ್ಷ ‘ನಿಮ್ಮ ಫೋಟೋದಲ್ಲಿ ಮೈಬಣ್ಣ ಚೆನ್ನಾಗಿ ಬರುತ್ತೆ’ ಎಂದು ಜನ ನನ್ನನ್ನು ಹೊಗಳುತ್ತಿದ್ದರು. ಅದರಲ್ಲಿ ಅರ್ಧ ಪಾಲು ಅವನದು. ಅದುವರೆಗೆ ಒಮ್ಮೆಯೂ ಅವನಿಗೆ ನಾನು ಕೃತಜ್ಞತೆ ಹೇಳಿರಲಿಲ್ಲ, ಅವತ್ತು ಹೇಳಿದೆ. ಆಮೇಲೆ ಆರು ತಿಂಗಳು ವಾರಕ್ಕೊಂದು ಸಂಜೆ ಅವನ ಪಕ್ಕ ಕೂತು ಬಣ್ಣ ನೋಡುವುದನ್ನು ಕಲಿತೆ. ಮುಖ ನೋಡಬೇಡಿ, ಮೊದಲು ಬಿಳಿ ಪಂಚೆ ನೋಡಿ, ಅದು ಬಿಳಿಯಾದರೆ ಮುಖ ತಾನೇ ಸರಿಯಾಗುತ್ತದೆ ಎಂದು ಹೇಳಿಕೊಟ್ಟವನು ಅವನು. ಆ ಮಾತನ್ನು ನಾನು ಈವರೆಗೆ ಯಾವ ಪುಸ್ತಕದಲ್ಲೂ ಅಷ್ಟು ಸರಳವಾಗಿ ಓದಿಲ್ಲ.

ಬೇರೆ ಕೆಲವು ತೊಂದರೆಗಳು ಬೇಗ ದಾರಿಗೆ ಬಂದವು. ಹಳ್ಳಿ ಮದುವೆಗಳಲ್ಲಿ ಮೊದಲು ‘ರೀಲ್ ಇಲ್ದೆ ಬರೀ ಫ್ಲ್ಯಾಶ್ ಹೊಡೀತಾವ್ನೆ’ ಅಂತ ಅನುಮಾನ ಪಡುತ್ತಿದ್ದ ಜನ ಈಗ ಪ್ರತಿ ಫೋಟೋ ಆದ ಮೇಲೂ ಸ್ಕ್ರೀನಿಗೆ ಮುತ್ತುತ್ತಿದ್ದರು. ಮದುಮಗಳೂ ಎದ್ದು ಬಂದು ‘ತೋರ್ಸಣ್ಣ’ ಅನ್ನುವಳು. ಒಂದು ಮದುವೆಯಲ್ಲಿ ಹಾಗೆ ತೋರಿಸುತ್ತಾ ನಿಂತಿದ್ದಾಗಲೇ ಹಿಂದೆ ತಂದೆ ಮಗಳನ್ನು ಒಪ್ಪಿಸಿ ಕಣ್ಣೊರೆಸಿಕೊಂಡಿದ್ದು ನನಗೆ ತಪ್ಪಿಹೋಯಿತು. ಅವತ್ತೇ ಫೋಟೋ ತಾನಾಗಿ ಸ್ಕ್ರೀನಿನಲ್ಲಿ ಮೂಡುವುದನ್ನು ಆಫ್ ಮಾಡಿದೆ. ಊಟದ ಹೊತ್ತಿನವರೆಗೆ ಯಾರಿಗೂ ತೋರಿಸುವುದಿಲ್ಲ, ಬೆಳಕು ಬದಲಾದಾಗ ಗ್ರಾಫ್ ನೋಡಲು ಬಿಟ್ಟರೆ ನಾನೂ ನೋಡುವುದಿಲ್ಲ.

ಧೂಳು ಇನ್ನೊಂದು. ಸಿದ್ಧಗಂಗೆಯ ಶಿವರಾತ್ರಿ ಜಾತ್ರೆಯಲ್ಲಿ ದನಗಳ ಪರಿಷೆ ಕಟ್ಟುತ್ತದೆ. ಹಳ್ಳಿಕಾರ್ ಹೋರಿಗಳ ಕೊಂಬಿಗೆ ಬೆಳಗಿನ ಬಿಸಿಲು ಬಿದ್ದು, ಗೊರಸಿನಿಂದ ಎದ್ದ ಧೂಳು ಹೊಗೆಯಂತೆ ತುಂಬಿರುವಾಗ ಅದಕ್ಕಿಂತ ಚೆಂದದ ನೋಟ ನಮ್ಮ ಜಿಲ್ಲೆಯಲ್ಲಿಲ್ಲ. ವರ್ಷ ವರ್ಷವೂ ಅಲ್ಲಿ ನಿಂತಲ್ಲೇ ಲೆನ್ಸು ಬದಲಿಸುತ್ತಿದ್ದೆ. ಫಿಲ್ಮಿನಲ್ಲಿ ಒಂದು ಕಣ ಒಳಗೆ ಹೋದರೂ ರೀಲು ಮುಂದೆ ಸರಿಯುವಾಗ ಅದೂ ಹೋಗುತ್ತದೆ, ಮುಂದಿನ ಚಿತ್ರಕ್ಕೆ ಹೊಸ ಫಿಲ್ಮು. ಸೆನ್ಸರ್ ಸರಿಯುವುದಿಲ್ಲ. 2005ರ ಜಾತ್ರೆಯಿಂದ ತಂದ ಮುನ್ನೂರು ಚಿಲ್ಲರೆ ಫೋಟೋಗಳ ಆಕಾಶದಲ್ಲಿ ಒಂದೇ ಜಾಗದಲ್ಲಿ ಅದೇ ಐದು ಕಪ್ಪು ಚುಕ್ಕೆ. ಒಂದೊಂದನ್ನೂ ಅಕ್ಕನ ಮಗ ಕೂತು ಒರೆಸಿದ. ಆಮೇಲಿನ ಜಾತ್ರೆಗಳಿಗೆ ಎರಡು ಕ್ಯಾಮೆರಾಕ್ಕೆ ಮನೆಯಲ್ಲೇ ಲೆನ್ಸು ಹಾಕಿಕೊಂಡು ಹೋಗುತ್ತೇನೆ, ಅಲ್ಲಿ ಬಿಚ್ಚುವುದಿಲ್ಲ.

2006ರ ಜನವರಿಯಲ್ಲಿ ಕೋನಿಕಾ ಮಿನೋಲ್ಟಾ ಫಿಲ್ಮ್ ವ್ಯವಹಾರ ನಿಲ್ಲಿಸುತ್ತೇವೆಂದು ಹೇಳಿತು. ಅದೇ ತಿಂಗಳು ನಿಕಾನ್ ಕೂಡ ಎಫ್6, ಎಫ್‌ಎಂ10 ಎರಡನ್ನು ಬಿಟ್ಟು ಉಳಿದ ಫಿಲ್ಮ್ ಕ್ಯಾಮೆರಾಗಳ ತಯಾರಿಕೆ ಕೈಬಿಡುವುದಾಗಿ ಪ್ರಕಟಿಸಿತು. ಆ ಸುದ್ದಿ ಓದಿದ ದಿನ ಎಫ್‌ಎಂ2 ಅನ್ನು ಒರೆಸಿ, ಬ್ಯಾಟರಿ ತೆಗೆದು ಬೀರುವಿನಲ್ಲಿಟ್ಟೆ. ಕೈ ಕುದುರಿತ್ತು, ಇನ್ನು ಅದರ ಆಸರೆ ಬೇಡ ಅನಿಸಿತ್ತು. ಹೊಡೆತ ಬಿದ್ದದ್ದು ಅದೇ ವರ್ಷ.

ಫೋಟೋಗಳೆಲ್ಲ ಕಂಪ್ಯೂಟರಿನ 80 ಜಿಬಿ ಹಾರ್ಡ್ ಡಿಸ್ಕಿನಲ್ಲಿದ್ದವು. ಕಾರ್ಡು ಖಾಲಿ ಮಾಡಿ ಮುಂದಿನ ಮದುವೆಗೆ ಒಯ್ಯುವುದು. ಸೀಡಿಗೆ ಹಾಕಬೇಕು ಅಂತ ಇತ್ತು, ಸೀಸನ್ನಿನ ಗಡಿಬಿಡಿಯಲ್ಲಿ ಮುಂದಕ್ಕೆ ಹೋಗುತ್ತಿತ್ತು. ಸೆಪ್ಟೆಂಬರಿನ ಒಂದು ರಾತ್ರಿ ಕರೆಂಟು ಮೂರು ನಾಲ್ಕು ಸಲ ಹೋಗಿ ಬಂತು. ಬೆಳಿಗ್ಗೆ ಡಿಸ್ಕು ಟಕ್ ಟಕ್ ಅಂತ ಸದ್ದು ಮಾಡಿತೇ ಹೊರತು ಏಳಲಿಲ್ಲ. ಬೆಂಗಳೂರಿಗೆ ಒಯ್ದೆ, ಎರಡು ಕಡೆ ತೋರಿಸಿದೆ, ಆಗುವುದಿಲ್ಲ ಅಂದರು. ಹನ್ನೊಂದು ಮನೆಗಳ ಕೆಲಸ ಅದರಲ್ಲಿತ್ತು. ಹತ್ತು ಮನೆಗೆ ಆಲ್ಬಂ ಕೊಟ್ಟಾಗಿತ್ತು. ಉಳಿದದ್ದು ಒಂದು ಮಗುವಿನ ತೊಟ್ಟಿಲು ಶಾಸ್ತ್ರ, ಪ್ರಿಂಟಿಗೆ ಹೋಗಿರಲಿಲ್ಲ.

ಅವರ ಮನೆಗೆ ಹೋಗಿ ನಾನೇ ಹೇಳಿದೆ. ಅಡ್ವಾನ್ಸು ವಾಪಸ್ ಕೊಟ್ಟೆ. ಮಗುವಿನ ತಂದೆ ಬೈಯಲಿಲ್ಲ. ತಾಯಿ ಒಳಗಿಂದ ಕಾಫಿ ತಂದಿಟ್ಟು, ‘ನಮ್ಮತ್ತೆ ಎತ್ಕಂಡಿದ್ದು ಅದೊಂದೇ ದಿನ ಅಣ್ಣ’ ಅಂದರು. ಅತ್ತೆ ಹದಿನೈದು ದಿನದ ಕೆಳಗೆ ತೀರಿಕೊಂಡಿದ್ದರು, ನನಗೆ ತಿಳಿದಿರಲಿಲ್ಲ. ಆ ಶಾಸ್ತ್ರಕ್ಕೆ ಬಂದಿದ್ದ ನೆಂಟರಲ್ಲಿ ಒಬ್ಬರು ಚಿಕ್ಕ ಫಿಲ್ಮ್ ಕ್ಯಾಮೆರಾ ತಂದಿದ್ದರೆಂದು ನೆನಪಾಗಿ, ಊರು ಹುಡುಕಿಕೊಂಡು ಹೋದೆ. ಅವರ ರೀಲಿನಲ್ಲಿ ಐದು ಸಿಕ್ಕವು. ಒಂದರಲ್ಲಿ ಅಜ್ಜಿ ಮಗುವನ್ನು ಎತ್ತಿಕೊಂಡಿದ್ದಾರೆ, ಪಕ್ಕಕ್ಕೆ ತಿರುಗಿದ ಮುಖ, ಅರ್ಧ ಅಲುಗಿದೆ. ಅದನ್ನೇ ದೊಡ್ಡದು ಮಾಡಿ ಫ್ರೇಮ್ ಹಾಕಿಸಿ ಕೊಟ್ಟು ಬಂದೆ. ಅದೇ ಅಜ್ಜಿಯ ಒಳ್ಳೆ ಫೋಟೋ ನಾನು ತೆಗೆದಿದ್ದೆ, ಕಿಟಕಿ ಬೆಳಕಿನಲ್ಲಿ, ನಗುತ್ತಾ. ಅದು ನನ್ನ ಕಣ್ಣಲ್ಲಿ ಈಗಲೂ ಇದೆ, ಬೇರೆಲ್ಲೂ ಇಲ್ಲ.

ರೀಲಿನ ಕಾಲದಲ್ಲಿ ಫೋಟೋ ಉಳಿಸಲು ನಾನು ಏನೂ ಮಾಡಬೇಕಿರಲಿಲ್ಲ. ಕವರಿಗೆ ಹಾಕಿ, ನಂಬರ್ ಬರೆದು, ಟ್ರಂಕಿನಲ್ಲಿಟ್ಟರೆ ಅದರ ಪಾಡಿಗೆ ಅದು ಉಳಿಯುತ್ತಿತ್ತು. ಡಿಜಿಟಲ್ ಫೋಟೋ ಉಳಿಯಬೇಕಾದರೆ ನಾನು ಕೆಲಸ ಮಾಡುತ್ತಲೇ ಇರಬೇಕು. ಸೀಡಿ ಹೋಗಿ ಡೀವಿಡಿ ಬಂತು, ಅದೂ ಹೋಯಿತು, ಈಗ ಹಾರ್ಡ್ ಡಿಸ್ಕುಗಳು. ಪ್ರತಿ ಕೆಲಸ ಮೂರು ಕಡೆ, ಅದರಲ್ಲಿ ಒಂದು ಅಕ್ಕನ ಮನೆಯಲ್ಲಿ. ಅಮಾವಾಸ್ಯೆ ದಿನ ಯಾರೂ ಶುಭ ಕಾರ್ಯ ಇಟ್ಟುಕೊಳ್ಳುವುದಿಲ್ಲ. ಅವತ್ತು ಅಂಗಡಿ ಪೂಜೆ ಮಾಡಿ, ಡಿಸ್ಕುಗಳನ್ನೆಲ್ಲ ಒಂದೊಂದಾಗಿ ಹಾಕಿ, ತೆರೆದು ನೋಡಿ, ಮತ್ತೆ ಎತ್ತಿಡುತ್ತೇನೆ. 2006ರಿಂದ ಒಂದು ಅಮಾವಾಸ್ಯೆಯನ್ನೂ ಬಿಟ್ಟಿಲ್ಲ.

2019ರ ಜನವರಿ 21ರಂದು ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ ಲಿಂಗೈಕ್ಯರಾದರು. ಊರಿಗೆ ಊರೇ ಮಠದ ಕಡೆ ನಡೆಯಿತು. ಆ ವಾರ ಕಳೆದ ಮೇಲೆ ನಲವತ್ತು ದಾಟಿದ ಒಬ್ಬರು ಅಂಗಡಿಗೆ ಬಂದರು. ‘ನಮ್ಮನೇಲಿ ಬುದ್ಧಿಯವರ ಪಾದಪೂಜೆ ಆಗಿತ್ತು, 88ರಲ್ಲಿ. ಫೋಟೋ ತೆಗ್ದೋರು ನೀವೇ ಅಂತ ಅಮ್ಮ ಅಂದ್ರು. ನಮ್ಮತ್ರ ಇದ್ದ ಫೋಟೋ ಗೆದ್ದಲು ತಿಂದೈತೆ’ ಅಂದರು. ಚಿಕ್ಕಪ್ಪನ ಕೈಬರಹದ ಲೆಡ್ಜರ್ ತೆಗೆದು 1988ರ ಹಾಳೆ ಹುಡುಕಿದೆ. ನಂಬರ್ 412. ಟ್ರಂಕಿನ ಮೂರನೇ ಕಟ್ಟು, ಹಳದಿಯಾದ ಕಾಗದದ ಕವರು, ಒಳಗೆ 120 ಫಿಲ್ಮಿನ ನಾಲ್ಕು ತುಂಡು, ಚೂರೂ ಕೆಟ್ಟಿರಲಿಲ್ಲ. ಹುಡುಕಲು ಹಿಡಿದದ್ದು ಕಾಲು ಗಂಟೆ.

ಸ್ಕ್ಯಾನ್ ಮಾಡುವ ಮೊದಲು ಒಂದು ಸಲ ನೋಡುತ್ತೇನೆ ಅಂದರು. ಅಂಚು ಹಿಡಿದುಕೊಳ್ಳಿ ಎಂದು ಹೇಳಿ ಕೈಗೆ ಕೊಟ್ಟೆ. ಟ್ಯೂಬ್‌ಲೈಟಿಗೆ ಎತ್ತಿ ಹಿಡಿದು ಬಹಳ ಹೊತ್ತು ನೋಡಿದರು. ಕೆಳಗೆ ಕೂತು ಪಾದಕ್ಕೆ ನೀರು ಹಾಕುತ್ತಿರುವವರು ಅವರ ತಂದೆ, ಆಗ ಮೂವತ್ತೈದರ ಆಸುಪಾಸು ಇರಬೇಕು. ನೆಗೆಟಿವ್‌ನಲ್ಲಿ ಕರಿ ಕೂದಲು ಬೆಳ್ಳಗೆ ಕಾಣುತ್ತದೆ.

‘ಅಪ್ಪಂಗೆ ತಲೆ ನೆರೆಯೋಕ್ ಮುಂಚೆನೇ ಹೋಗ್ಬಿಟ್ರು ಅಣ್ಣ,’ ಅಂದರು. ‘ಇದ್ರಲ್ಲಿ ವಯಸ್ಸಾದಂಗೆ ಕಾಣ್ತಾರೆ ನೋಡಿ.’

ಅವರಿಗೆ ಎರಡು ಪ್ರಿಂಟ್ ಬೇಕಿತ್ತು, ಅಮ್ಮನಿಗೊಂದು, ಅವರಿಗೊಂದು. ಕೊಟ್ಟು ಕಳಿಸಿ, ನೆಗೆಟಿವ್ ಅನ್ನು ಹೊಸ ಕವರಿಗೆ ಹಾಕಿ, ಅದರ ಮೇಲೆ 412 ಎಂದು ಮತ್ತೆ ಬರೆದು ಟ್ರಂಕಿನಲ್ಲಿಟ್ಟೆ.